ಮುಟ್ಟು ನಿಲ್ಲುವ ವಯಸ್ಸಿನಲ್ಲಿ ತಲೆ ತಿರುಗುವುದು: ಯಾವಾಗ ಬಂತು, ಎಷ್ಟು ಸೆಕೆಂಡು ಇತ್ತು?

[ದೃಶ್ಯ: ನಸುಕು. ಮಂಚದಲ್ಲಿ ಮಲಗಿರುವ ಮಹಿಳೆ ಬಲಕ್ಕೆ ಹೊರಳುತ್ತಾರೆ. ಕೂಡಲೇ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿಯುತ್ತಾರೆ.]

ಬೆಳಿಗ್ಗೆ ಐದೂವರೆ. ಬಲಗಡೆಗೆ ಹೊರಳಿದ್ದೇ ತಡ, ಫ್ಯಾನು, ಗೋಡೆ, ಕಪಾಟು ಎಲ್ಲ ಒಟ್ಟಿಗೆ ಗಿರ್ರನೆ ತಿರುಗ್ತದೆ. ಕಣ್ಣು ಮುಚ್ಚಿದರೂ ನಿಲ್ಲುವುದಿಲ್ಲ. ಅರ್ಧ ನಿಮಿಷದಲ್ಲಿ ತನ್ನಷ್ಟಕ್ಕೆ ನಿಲ್ತದೆ. ಆದರೆ ಆಮೇಲೆ ಇಡೀ ದಿನ ನಡೆಯುವಾಗ ದೋಣಿಯಲ್ಲಿ ನಿಂತ ಹಾಗೆ, ನೆಲ ಸರಿಯಾಗಿ ಸಿಗದ ಹಾಗೆ.

ನಲವತ್ತೈದು ದಾಟಿದವರು ಇದನ್ನು ಮನೆಯಲ್ಲಿ ಹೇಳಿದರೆ "ಪಿತ್ತ ಆಗಿರಬೇಕು" ಅಂತಾರೆ, ಇಲ್ಲದಿದ್ದರೆ "ಮುಟ್ಟು ನಿಲ್ಲುವ ಸಮಯ ಅಲ್ವಾ, ಹಾಗೆಯೇ" ಅಂತಾರೆ. ಮೆಡಿಕಲ್ ಶಾಪಿನಿಂದ ತಲೆ ತಿರುಗಿನ ಮಾತ್ರೆ ಒಂದು ಶೀಟು ತಂದು ವರ್ಷಗಟ್ಟಲೆ ತಿನ್ನುವವರೂ ಇದ್ದಾರೆ.

ಈ ವಯಸ್ಸಿನ ತಲೆ ತಿರುಗು ಒಂದೇ ಕಾಯಿಲೆ ಅಲ್ಲ. ನಾಲ್ಕೈದು ಬೇರೆ ಬೇರೆ ತೊಂದರೆಗಳು ಇದೇ ಸಮಯಕ್ಕೆ ಬರ್ತವೆ, ಒಂದೊಂದರ ಮದ್ದೂ ಬೇರೆ. ಏನು ಮಾಡುವಾಗ ಬಂತು, ಎಷ್ಟು ಹೊತ್ತು ಇತ್ತು, ಸುತ್ತಲಿನದ್ದೆಲ್ಲ ತಿರುಗಿತೋ ಅಥವಾ ಕಣ್ಣು ಕತ್ತಲೆ ಬಂತೋ, ಇಷ್ಟು ನೋಡಿಕೊಂಡರೆ ಯಾವುದೆಂದು ಹೆಚ್ಚಿನ ಸಲ ಗೊತ್ತಾಗ್ತದೆ. ಇ.ಎನ್.ಟಿ. ಡಾಕ್ಟರು ಮೊದಲು ಕೇಳುವುದೂ ಇದನ್ನೇ.

[ಪರದೆಯಲ್ಲಿ ಕೆಂಪು ಪಟ್ಟಿ: 108]

ಮುಂದೆ ಹೋಗುವ ಮೊದಲು ಇದನ್ನು ಕೇಳಿ. ತಲೆ ತಿರುಗುವುದರ ಜೊತೆಗೆ ಮುಖ ಒಂದು ಕಡೆ ಸೊಟ್ಟ ಆಗುವುದು, ಕೈ ಅಥವಾ ಕಾಲಿಗೆ ಬಲ ಇಲ್ಲದಿರುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಹಿಡಿದುಕೊಂಡರೂ ನಿಲ್ಲಲಿಕ್ಕೆ ಆಗದಿರುವುದು, ಹಿಂದೆಂದೂ ಬಾರದಂಥ ತಲೆನೋವು, ಎದೆನೋವು, ಅಥವಾ ಪ್ರಜ್ಞೆ ತಪ್ಪುವುದು, ಇದರಲ್ಲಿ ಒಂದು ಇದ್ದರೂ 108ಕ್ಕೆ ಫೋನ್ ಮಾಡಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಒಮ್ಮೆಲೇ ಒಂದು ಕಿವಿ ಕೇಳದೆ ಹೋದರೂ ಅದೇ ದಿನ ಇ.ಎನ್.ಟಿ.ಗೆ ಹೋಗಿ, ನಾಳೆ ನೋಡುವ ಅಂತ ಬಿಡಬೇಡಿ.

ಈಗ ಆ ಬೆಳಗಿನ ಜಾವದ ತಲೆ ತಿರುಗಿಗೆ ಬರುವ.

[ದೃಶ್ಯ: ಉಂಗುರದ ಹಾಗೆ ಬಾಗಿಸಿದ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಒಳಗೆ ನೀರು, ಒಂದು ಚಿಟಿಕೆ ಮರಳು. ಕೈ ಅದನ್ನು ನಿಧಾನವಾಗಿ ತಿರುಗಿಸುತ್ತದೆ.]

ಒಳಕಿವಿಯಲ್ಲಿ ಇಂಥ ಮೂರು ಕೊಳವೆ ಉಂಟು, ಒಳಗೆ ದ್ರವ. ಅವುಗಳ ಬುಡದಲ್ಲಿ ಒಂದು ಚೀಲ. ಆ ಚೀಲದಲ್ಲಿ ಅಂಟಿಕೊಂಡು ಕೂತ ಸುಣ್ಣದ ಹರಳುಗಳಿವೆ, ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಹರಳು ಸಡಿಲವಾಗಿ ಕೊಳವೆಯೊಳಗೆ ಜಾರಿದರೆ, ನಾವು ತಲೆ ಅಲ್ಲಾಡಿಸಿದಾಗ ಅದು ಉರುಳ್ತದೆ, ದ್ರವವನ್ನು ಎಳೀತದೆ. ತಲೆ ನಿಂತರೂ ದ್ರವ ಓಡ್ತಾ ಇರ್ತದೆ. ಹಾಗಾಗಿ ಮೆದುಳಿಗೆ "ಇನ್ನೂ ತಿರುಗ್ತಾ ಇದ್ದೇವೆ" ಎಂಬ ಸುದ್ದಿ ಹೋಗ್ತದೆ. ಮರಳು ತಳಕ್ಕೆ ಕೂತ ಮೇಲೆ ತಿರುಗುವುದು ನಿಲ್ತದೆ. ಪೈಪನ್ನು ನೋಡಿ: ತಿರುಗಿಸಿದ ಮೇಲೆ ಎರಡು ಮೂರು ಸೆಕೆಂಡು ಬಿಟ್ಟು ಮರಳು ಹೊರಡ್ತದೆ, ಸ್ವಲ್ಪ ಹೊತ್ತಿನಲ್ಲಿ ನಿಲ್ತದೆ. ಈ ತೊಂದರೆಯ ಗುರುತೂ ಅದೇ. ತಡವಾಗಿ ಶುರು, ಒಂದು ನಿಮಿಷದ ಒಳಗೆ ಮುಕ್ತಾಯ. ಮಗ್ಗುಲು ಬದಲಿಸುವಾಗ, ಅಟ್ಟದ ಡಬ್ಬ ತೆಗೆಯಲಿಕ್ಕೆ ತಲೆ ಮೇಲೆ ಎತ್ತುವಾಗ, ಅಂಗಳ ಗುಡಿಸಲಿಕ್ಕೆ ಬಗ್ಗುವಾಗ ಬರ್ತದೆ. ಡಾಕ್ಟರುಗಳು ಇದಕ್ಕೆ ಬಿಪಿಪಿವಿ ಅಂತಾರೆ.

ಮುಟ್ಟಿಗೂ ಇದಕ್ಕೂ ಏನು ಸಂಬಂಧ? ಮುಟ್ಟು ನಿಲ್ಲುವಾಗ ಕಮ್ಮಿಯಾಗುವ ಹೆಣ್ಣು ಹಾರ್ಮೋನು ಈಸ್ಟ್ರೋಜನ್. ಅದು ಕೆಲಸ ಮಾಡುವ ಜಾಗಗಳು ಒಳಕಿವಿಯಲ್ಲೂ ಇವೆ. ಅದು ಕಮ್ಮಿಯಾದಾಗ ಎಲುಬಿನ ಸುಣ್ಣ ಸವೆಯುವ ಹಾಗೆ ಈ ಹರಳುಗಳೂ ದುರ್ಬಲ ಆಗ್ತವೆ ಎಂಬುದು ಈಗಿನ ತಿಳುವಳಿಕೆ. ಐವತ್ತರ ಆಸುಪಾಸಿನ ಹೆಂಗಸರಲ್ಲಿ ಬಿಪಿಪಿವಿ ಗಂಡಸರಿಗಿಂತ ಹೆಚ್ಚು. ವಿಟಮಿನ್ ಡಿ ಕೊರತೆ ಇದ್ದರೆ ಮತ್ತೆ ಮತ್ತೆ ಬರುವುದು ಹೆಚ್ಚು.

ಇದಕ್ಕೆ ಮದ್ದು ಮಾತ್ರೆಯಲ್ಲಿ ಇಲ್ಲ. ಕೊಳವೆಗೆ ಜಾರಿದ ಹರಳನ್ನು ತಲೆಯ ಚಲನೆಯಿಂದಲೇ ವಾಪಸು ಚೀಲಕ್ಕೆ ಉರುಳಿಸಬೇಕು. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯರು 1980ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಒಂದರಿಂದ ಮೂರು ಸಲದಲ್ಲಿ ಗುಣ ಸಿಗ್ತದೆ. ಮೊದಲ ಸಲ ಇ.ಎನ್.ಟಿ. ಡಾಕ್ಟರ ಕೈಯಲ್ಲೇ ಮಾಡಿಸಿ. ಯಾವ ಕಿವಿ, ಯಾವ ಕೊಳವೆ ಎಂದು ಅವರು ಕಣ್ಣಿನ ಅಲುಗಾಟ ನೋಡಿ ಹೇಳ್ತಾರೆ. ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಎರಡು ಕಡೆಯೂ ಇ.ಎನ್.ಟಿ. ವಿಭಾಗ ಉಂಟು. ಮತ್ತೊಮ್ಮೆ ಬಂದಾಗ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಅವರು ಹೇಳಿದ್ದರೆ, ಕ್ರಮ ಹೀಗೆ.

[ದೃಶ್ಯ: ಮಂಚ, ಒಂದು ದಿಂಬು. ಬಲ ಕಿವಿಗೆ ಮಾಡುವ ಕ್ರಮ. ಮೂಲೆಯಲ್ಲಿ ಸೆಕೆಂಡಿನ ಎಣಿಕೆ ಓಡುತ್ತಿರುತ್ತದೆ.]

ಮಂಚದ ಮೇಲೆ ಕಾಲು ನೀಡಿ ಕುಳಿತುಕೊಳ್ಳಿ. ಮಲಗಿದಾಗ ದಿಂಬು ತಲೆಯ ಕೆಳಗೆ ಬರಬಾರದು, ಭುಜದ ಕೆಳಗೆ ಬರಬೇಕು. ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಅಂದರೆ ಮೂಗು ಎದುರಿನ ಗೋಡೆಗೂ ಬಲ ಭುಜಕ್ಕೂ ನಡುವೆ. ಹಾಗೆಯೇ ಹಿಂದಕ್ಕೆ ಮಲಗಿ. ತಲೆ ಸ್ವಲ್ಪ ಹಿಂದಕ್ಕೆ ಇಳಿದಿರಬೇಕು. ತಿರುಗಲಿಕ್ಕೆ ಶುರು ಆಗ್ತದೆ. ಹೆದರಬೇಡಿ, ಅಲ್ಲಾಡಬೇಡಿ. ಅದು ನಿಂತ ಮೇಲೂ 30 ಸೆಕೆಂಡು ಹಾಗೆಯೇ ಇರಿ. ಈಗ ತಲೆ ಎತ್ತದೆ ಎಡಕ್ಕೆ 90 ಡಿಗ್ರಿ ತಿರುಗಿಸಿ, ಮತ್ತೆ 30ರಿಂದ 60 ಸೆಕೆಂಡು. ಆಮೇಲೆ ಇಡೀ ಮೈಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡಬೇಕು. ಮತ್ತೆ ಅಷ್ಟೇ ಹೊತ್ತು. ಕೊನೆಗೆ ಕಾಲು ಕೆಳಗೆ ಬಿಟ್ಟು, ಗಲ್ಲ ಎದೆಯ ಕಡೆಗೆ ಇಟ್ಟುಕೊಂಡು ಮೆಲ್ಲ ಎದ್ದು ಕುಳಿತುಕೊಳ್ಳಿ. ಹತ್ತು ನಿಮಿಷ ಅಲ್ಲೇ. ಎಡ ಕಿವಿಯಾದರೆ ಎಲ್ಲವೂ ಉಲ್ಟಾ.

ತಪ್ಪುವುದು ಎಲ್ಲಿ ಅಂದರೆ, ಕಾಯುವುದರಲ್ಲಿ. ತಿರುಗುವುದು ನಿಂತ ಕೂಡಲೇ ಮುಂದಿನ ಭಂಗಿಗೆ ಹೋಗ್ತಾರೆ, ಆದರೆ ಮರಳು ಇನ್ನೂ ತಳ ಮುಟ್ಟಿರುವುದಿಲ್ಲ. ಅಥವಾ ನಡುವೆ ತಲೆ ಎತ್ತುತ್ತಾರೆ. ಆಗ ಬಂದ ದಾರಿಯಲ್ಲೇ ಅದು ಹಿಂದಕ್ಕೆ ಜಾರ್ತದೆ. ಕಿವಿಯೇ ತಪ್ಪಿದರಂತೂ ಎಷ್ಟು ಮಾಡಿದರೂ ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಯಾವ ಮಗ್ಗುಲಿಗೆ ಹೊರಳಿದರೆ ಜೋರಾಗಿ ತಿರುಗ್ತದೋ ಆ ಬದಿಯ ಕಿವಿ. ಕುತ್ತಿಗೆಯ ಆಪರೇಷನ್ ಆದವರು, ಕುತ್ತಿಗೆ ಎಲುಬಿನ ದೊಡ್ಡ ತೊಂದರೆ ಇರುವವರು, ಕಣ್ಣಿನ ರೆಟಿನಾ ಕಳಚಿದವರು ಮನೆಯಲ್ಲಿ ಮಾಡಬಾರದು. ಮಾಡಿದ ಮೇಲೆ ಒಂದೆರಡು ದಿನ ತೇಲಿದ ಹಾಗೆ ಆಗುವುದು ಸಹಜ. ಎರಡು ರಾತ್ರಿ ಕುಳಿತೇ ನಿದ್ದೆ ಮಾಡಬೇಕು ಎಂಬ ಹಳೆಯ ಸಲಹೆ ಈಗ ಬೇಕಿಲ್ಲ.

ಮತ್ತೆ ಬಾರದ ಹಾಗೆ ಏನು ಮಾಡಬಹುದು? ದಕ್ಷಿಣ ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದಲ್ಲಿ ವಿಟಮಿನ್ ಡಿ 20 ನ್ಯಾನೋಗ್ರಾಂಗಿಂತ (ಒಂದು ಮಿಲಿಲೀಟರಿಗೆ) ಕಮ್ಮಿ ಇದ್ದವರಿಗೆ ದಿನಕ್ಕೆ ಎರಡು ಸಲ 400 ಯೂನಿಟ್ ಡಿ, 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು ವರ್ಷ ಕೊಟ್ಟರು. ಮರುಕಳಿಸುವುದು ಸುಮಾರು ಕಾಲು ಭಾಗ ಕಮ್ಮಿ ಆಯಿತು. ಹಾಗಾಗಿ ಡಿ ಪರೀಕ್ಷೆ ಮಾಡಿಸಿ. 60,000 ಯೂನಿಟ್‌ನ ಸ್ಯಾಷೆಯನ್ನು ಡಾಕ್ಟರು ಬರೆಯುವುದು ವಾರಕ್ಕೆ ಒಂದು, ಅದೂ ಇಂತಿಷ್ಟು ವಾರ ಎಂದು. ದಿನಕ್ಕೊಂದು ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಚೀಟಿಯನ್ನು ಎರಡು ಸಲ ಓದಿ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಯಲ್ಲಿ ಡಿ ಉಂಟು. ಸಣ್ಣ ಬೂತಾಯಿಯ ಮುಳ್ಳು ಮೆತ್ತಗೆ ಬೆಂದಿದ್ದರೆ ಕ್ಯಾಲ್ಸಿಯಂ ಕೂಡ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ರಾಗಿ, ಎಳ್ಳಿನಿಂದ ಕ್ಯಾಲ್ಸಿಯಂ ಸಿಕ್ಕೀತು, ಡಿ ಸಾಲದು.

[ದೃಶ್ಯ: ಬಚ್ಚಲುಮನೆ. ಹಂಡೆಯಿಂದ ಹಬೆ. ಮರದ ಮಣೆಯ ಮೇಲೆ ಕೂತಿದ್ದ ಮಹಿಳೆ ಎದ್ದು ಗೋಡೆ ಹಿಡಿಯುತ್ತಾರೆ.]

ಇದು ಬೇರೆಯೇ ಜಾತಿಯ ತಲೆ ತಿರುಗು. ಇಲ್ಲಿ ಏನೂ ಗಿರಗಿರ ತಿರುಗುವುದಿಲ್ಲ, ಕಣ್ಣು ಕತ್ತಲೆ ಬರ್ತದೆ, ಕಾಲು ಸೋಲ್ತದೆ. ಮಲಗಿದಲ್ಲಿ ಬರುವುದಿಲ್ಲ, ಎದ್ದು ನಿಂತಾಗ ಬರ್ತದೆ. ಹಂಡೆಯ ಸುಡುನೀರು ಹೊಯ್ದುಕೊಂಡಾಗ ಚರ್ಮದ ರಕ್ತನಾಳಗಳು ಅಗಲ ಆಗ್ತವೆ, ಎದ್ದ ಕೂಡಲೇ ರಕ್ತ ಕಾಲಿಗೆ ಇಳೀತದೆ, ತಲೆಗೆ ಸಾಲದೆ ಹೋಗ್ತದೆ. ಈ ವಯಸ್ಸಿನಲ್ಲಿ ಒಮ್ಮೆಲೇ ಮೈಗೆ ಸೆಖೆ ಏರುವಾಗ ಆಗುವುದೂ ಇದೇ. ಮಠದಲ್ಲೋ ಮದುವೆಯಲ್ಲೋ ನೆಲದ ಪಂಕ್ತಿಯಲ್ಲಿ ಹೊಟ್ಟೆ ತುಂಬ ಉಂಡು ಗಡಿಬಿಡಿಯಲ್ಲಿ ಏಳುವಾಗಲೂ ಹಾಗೆ. ಊಟದ ನಂತರ ರಕ್ತ ಹೊಟ್ಟೆಯ ಕಡೆಗೆ ಹೋಗಿರ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. 5 ನಿಮಿಷ ಮಲಗಿ ಬಿಪಿ ನೋಡಿ. ನಿಂತು 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ ನೋಡಿ. ಪಕ್ಕದಲ್ಲಿ ಒಬ್ಬರು ಇರಲಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದಿದ್ದರೆ ಆ ಕಾಗದ ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆಯ ಪ್ರಮಾಣವೋ ಹೊತ್ತೋ ಬದಲಿಸಬೇಕಾದೀತು. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಏಳುವ ಮೊದಲು ಪಾದವನ್ನು 20 ಸಲ ಮೇಲೆ ಕೆಳಗೆ ಆಡಿಸಿ, ತೊಡೆ ಬಿಗಿ ಮಾಡಿ, ಆಮೇಲೆ ಎರಡು ಹಂತದಲ್ಲಿ ಏಳಿ. ನಿಂತಲ್ಲೇ ಕತ್ತಲೆ ಬಂದರೆ ಕಾಲಿಗೆ ಕಾಲು ಅಡ್ಡ ಹಾಕಿ ಒತ್ತಿ, ಮುಷ್ಟಿ ಬಿಗಿಯಿರಿ. ಆಗದಿದ್ದರೆ ಎಲ್ಲಿದ್ದೀರೋ ಅಲ್ಲೇ ಕೂತುಬಿಡಿ, ನಾಚಿಕೆ ಬೇಡ. ಸ್ನಾನದ ನೀರು ಬೆಚ್ಚಗಿದ್ದರೆ ಸಾಕು, ಬಚ್ಚಲಲ್ಲಿ ತಗ್ಗಿನ ಮಣೆಯ ಬದಲು ಮೊಣಕಾಲೆತ್ತರದ ಸ್ಟೂಲು ಇಡಿ. ಬೆಳಿಗ್ಗೆ ಚಹಾಕ್ಕಿಂತ ಮೊದಲು ಎರಡು ಲೋಟ ನೀರು. ನಮ್ಮ ಕರಾವಳಿಯ ಏಪ್ರಿಲ್–ಮೇ ಬೆವರಿಗೆ ಗಂಜಿ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯುವುದು ಒಳ್ಳೆಯದೇ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಉಪ್ಪು ಮತ್ತು ನೀರಿನ ಪ್ರಮಾಣ ಡಾಕ್ಟರನ್ನೇ ಕೇಳಿ. ಏಕಾದಶಿಯ ನಿರ್ಜಲ ಉಪವಾಸ ಈ ತೊಂದರೆ ಇರುವವರಿಗೆ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರಿಗಂತೂ ಖಂಡಿತ ಬೇಡ.

ಕಣ್ಣು ಕತ್ತಲೆ ಬರುವವರು ಹಿಮೋಗ್ಲೋಬಿನ್ ನೋಡಲೇಬೇಕು. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಕೆಲವರಿಗೆ ವಿಪರೀತ ಹೋಗ್ತದೆ. ಗಂಟೆ ಎರಡು ಗಂಟೆಗೆ ಪ್ಯಾಡ್ ಒದ್ದೆ, ದೊಡ್ಡ ಗಡ್ಡೆಗಳು. "ನಿಲ್ಲುವ ಮೊದಲು ಹೀಗೇ" ಎಂದು ಸುಮ್ಮನಿದ್ದರೆ ರಕ್ತ ಖಾಲಿ. ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಚಹಾ ಬೇಡ. ಲಿಂಬೆ ಶರಬತ್ತು ಆದೀತು. ಒಂದು ವರ್ಷ ಮುಟ್ಟು ನಿಂತು ಮತ್ತೆ ಒಂದು ಹನಿ ಕಂಡರೂ ಸ್ತ್ರೀರೋಗ ತಜ್ಞರಲ್ಲಿ ತೋರಿಸಿ.

ಗಂಟೆಗಟ್ಟಲೆ, ಕೆಲವೊಮ್ಮೆ ಒಂದೆರಡು ದಿನ ತೂಗಿದ ಹಾಗೆ ಇದ್ದು, ಬೆಳಕು, ಸದ್ದು, ಅಗರಬತ್ತಿಯ ವಾಸನೆ ಆಗದೆ ಇದ್ದರೆ ಮೈಗ್ರೇನ್ ಇರಬಹುದು. ತಲೆನೋವು ಇರಲೇಬೇಕೆಂದಿಲ್ಲ. ಹಾರ್ಮೋನಿನ ಏರಿಳಿತ ಇದನ್ನು ಕೆಣಕ್ತದೆ. ಊಟ ತಪ್ಪುವುದು, ನಿದ್ದೆ ಕೆಡುವುದು, ಶಿರಾಡಿ ಘಾಟಿಯ ತಿರುವಿನ ದಾರಿಯಲ್ಲಿ ಮೊಬೈಲ್ ನೋಡುತ್ತಾ ಕೂರುವುದು ಕೂಡ. ಇದಕ್ಕೆ ತಡೆಯುವ ಔಷಧ ಬೇರೆ ಉಂಟು.

ಇನ್ನೊಂದು ಗುರುತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಬೀಳುವ ಹಾಗೆ ವಾಲ್ತೀರಾ? ಕತ್ತಲಲ್ಲಿ ನಡಿಗೆ ತಪ್ತದಾ? ಪಾದ ಜೋಮು ಹಿಡಿದ ಹಾಗೆ ಇರ್ತದಾ? ಬಿ12 ನೋಡಿಸಿ. ಮೀನು ಮೊಟ್ಟೆ ಮುಟ್ಟದವರಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ಇದು ಕಮ್ಮಿ ಆಗ್ತದೆ. ಪಾದದಿಂದ ಬರುವ ಸುದ್ದಿ ಮೆದುಳಿಗೆ ಸರಿಯಾಗಿ ತಲುಪುವುದಿಲ್ಲ.

ಮಾತ್ರೆಯ ವಿಷಯ. ಸಿನ್ನಾರಿಜಿನ್, ಪ್ರೋಕ್ಲೋರ್‌ಪೆರಜಿನ್ ಎಂಬ ತಲೆ ತಿರುಗಿನ ಮಾತ್ರೆಗಳು ವಾಂತಿ, ತಿರುಗು ಜೋರಿದ್ದಾಗ ಎರಡು ಮೂರು ದಿನಕ್ಕೆ ಸರಿ. ತಿಂಗಳುಗಟ್ಟಲೆ ತಿಂದರೆ ಮೆದುಳು ಸಮತೋಲನ ಮತ್ತೆ ಕಲಿಯುವುದನ್ನೇ ಅವು ತಡೀತವೆ, ಕೆಲವರಿಗೆ ಕೈ ನಡುಕ, ಮೈ ಬಿಗಿತವೂ ಬರ್ತದೆ. ಈಸ್ಟ್ರೋಜನ್ ಚಿಕಿತ್ಸೆಯನ್ನು ತಲೆ ತಿರುಗಿಗೆಂದೇ ಕೊಡುವುದಿಲ್ಲ. ಸೆಖೆ, ನಿದ್ರೆಯ ತೊಂದರೆ ಜೋರಿದ್ದರೆ ಸ್ತ್ರೀರೋಗ ತಜ್ಞರು ಎಲ್ಲ ನೋಡಿ ಹೇಳ್ತಾರೆ.

[ದೃಶ್ಯ: ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ. ಸ್ಕೆಚ್ ಪೆನ್ನಿನಲ್ಲಿ ಒಂದೇ ಅಕ್ಷರ: ಅ.]

ಆ ದೋಣಿಯಲ್ಲಿ ನಿಂತ ಹಾಗಿನ ತೂಗಾಟಕ್ಕೆ ಅಭ್ಯಾಸವೇ ಮದ್ದು. ಈ ಅಕ್ಷರವನ್ನು ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ, ಒಂದು ಕೈಯಳತೆ ದೂರದಲ್ಲಿ ಕೂತು ಅದನ್ನೇ ನೋಡುತ್ತಾ ತಲೆಯನ್ನು "ಇಲ್ಲ ಇಲ್ಲ" ಎನ್ನುವ ಹಾಗೆ ಆಡಿಸಿ. ಅಕ್ಷರ ಮಸುಕಾಗದಷ್ಟೇ ವೇಗ. ಶುರುವಿಗೆ 30 ಸೆಕೆಂಡು, ಮೆಲ್ಲ 1 ನಿಮಿಷಕ್ಕೆ ಏರಿಸಿ, ದಿನಕ್ಕೆ ಮೂರು ಸಲ. ಸ್ವಲ್ಪ ತಿರುಗಿದ ಹಾಗೆ ಆಗಬೇಕು, ಆಗಲೇ ಮೆದುಳು ಕಲಿಯುವುದು. ಆದರೆ ಅದು ಕೆಲವು ನಿಮಿಷದಲ್ಲಿ ಇಳಿಯಬೇಕು. ಇಳಿಯದಿದ್ದರೆ ವೇಗ ಕಮ್ಮಿ ಮಾಡಿ. ಮತ್ತೊಂದು ಅಡಿಗೆ ಕಟ್ಟೆಯ ಬದಿಯಲ್ಲಿ: ಕಾಲು ಜೋಡಿಸಿ 30 ಸೆಕೆಂಡು, ಆಮೇಲೆ ಒಂದು ಪಾದದ ಹಿಂದೆ ಇನ್ನೊಂದು ಪಾದ ಇಟ್ಟು 30 ಸೆಕೆಂಡು, ಕೊನೆಗೆ ಒಂಟಿ ಕಾಲಲ್ಲಿ 10 ಸೆಕೆಂಡು. ಕೈ ಕಟ್ಟೆಯ ಹತ್ತಿರವೇ ಇರಲಿ. ಫಲ ಕಾಣಲಿಕ್ಕೆ ಆರು ವಾರ ಆದೀತು.

ಅಷ್ಟರವರೆಗೆ ಬೀಳದ ಹಾಗೆ ನೋಡಿಕೊಳ್ಳಬೇಕು, ಯಾಕೆಂದರೆ ಎಲುಬು ಸವೆಯುವ ಕಾಲವೂ ಇದೇ. ಬಾವಿಕಟ್ಟೆಗೆ ಬಗ್ಗಿ ನೀರು ಸೇದುವುದು, ಏಣಿ ಹತ್ತುವುದು ಸದ್ಯಕ್ಕೆ ಬೇರೆಯವರು ಮಾಡಲಿ. ಮಳೆಗಾಲದ ಪಾಚಿ ಹಿಡಿದ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಬಾವಿಯಿಂದ ದೂರ ಇರಲಿ. ಇಲ್ಲವೇ ನಡೆಯುವ ದಾರಿಗೆ ಮಡಲು ಹಾಸಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಸಣ್ಣ ಬಲ್ಬು ಉರಿಯಲಿ.

[ದೃಶ್ಯ: ನೋಟ್‌ಬುಕ್ಕಿನ ಒಂದು ಹಾಳೆ, ಪೆನ್ನು.]

ಒಪಿಡಿಗೆ ಹೋಗುವ ಮೊದಲು ಒಂದು ವಾರ ಬರೆದಿಡಿ: ತಾರೀಕು, ಏನು ಮಾಡುವಾಗ ಬಂತು, ಎಷ್ಟು ಸೆಕೆಂಡು ಅಥವಾ ಗಂಟೆ, ತಿರುಗಿತೋ ಕತ್ತಲೆ ಬಂತೋ, ಕಿವಿ ಗುಂಯ್‌ಗುಟ್ಟಿತೋ, ಕೊನೆಯ ಮುಟ್ಟು ಯಾವಾಗ. ತಿನ್ನುವ ಎಲ್ಲ ಮಾತ್ರೆಯ ಶೀಟುಗಳನ್ನೂ ಚೀಲಕ್ಕೆ ಹಾಕಿ. ಕುತ್ತಿಗೆಯ ಎಕ್ಸ್‌ರೇಯಲ್ಲಿ "ಸವೆತ" ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಬೇಡಿ, ಐವತ್ತರ ಹೆಚ್ಚಿನ ಕುತ್ತಿಗೆಗಳಲ್ಲಿ ಅದು ಕಾಣ್ತದೆ. "ಮಲಗಿಸಿ ತಲೆ ತಿರುಗಿಸಿ ನೋಡುವ ಪರೀಕ್ಷೆ ಮಾಡ್ತೀರಾ ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ಅಲ್ಲಿಗೆ ಹೋಗುವಾಗ ಸ್ಕೂಟರ್ ಬೇಡ. ಪರೀಕ್ಷೆಯಲ್ಲಿ ಒಮ್ಮೆ ಜೋರಾಗಿ ತಿರುಗಿಸ್ತದೆ, ವಾಪಸು ಕರೆದುಕೊಂಡು ಬರಲಿಕ್ಕೆ ಜೊತೆಗೆ ಒಬ್ಬರು ಇರಲಿ.