ಕಾನೂನಿಗೆ ಬಗ್ಗದವನು ಕಾನೂನು ಮಾಡಬಹುದಾ? | ಜೇಮ್ಸ್‌ಟೌನ್, 1619

ಎಲ್ಲರಿಗೂ ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಳ್ಳೆ ಪ್ರಶ್ನೆ ಕೇಳಿದ್ದಾರೆ. ವಸಾಹತು ಕಟ್ಟಿದ್ದು ಲಾಭಕ್ಕಾಗಿ ಹುಟ್ಟಿದ ಕಂಪನಿ. ಅಂಥ ಕಂಪನಿ ಜನರಿಗೆ ಓಟು ಯಾಕೆ ಕೊಟ್ಟಿತು?

[ತೆರೆಯ ಮೇಲೆ: ಜೇಮ್ಸ್ ನದಿಯ ನಕ್ಷೆ]

ಜಾಗ ಜೇಮ್ಸ್‌ಟೌನ್, ಇವತ್ತಿನ ಅಮೆರಿಕದ ವರ್ಜೀನಿಯಾದಲ್ಲಿದೆ. ಲಂಡನ್ನಿನ ವರ್ಜೀನಿಯಾ ಕಂಪನಿ ಕಳಿಸಿದ ಇಂಗ್ಲಿಷರು 1607ರಲ್ಲಿ ಇಲ್ಲಿ ಇಳಿದರು. ಖಾಲಿ ನೆಲವಲ್ಲ, ಅಲ್ಲಿನ ಮೂಲನಿವಾಸಿಗಳಾದ ಪೊವ್ಹಾಟನ್ ಜನರ ನೆಲ. ಬಂದವರಲ್ಲಿ ಹೆಚ್ಚಿನವರು ಹಸಿವು, ಕಾಯಿಲೆಗೆ ಸತ್ತರು. ಉಳಿದವರ ಮೇಲೆ ಮಿಲಿಟರಿ ಕಾನೂನು ಹೇರಿದರು. ಆಮೇಲೆ ಹೊಗೆಸೊಪ್ಪು ಕೈಹಿಡಿಯಿತು. ಆದರೆ ಬೆಳೆಯಲು ಜನ ಬೇಕಲ್ವಾ? ಇಂಥ ಊರಿಗೆ ಯಾರು ಬರುತ್ತಾರೆ? ಅದಕ್ಕೇ 1618ರಲ್ಲಿ ಕಂಪನಿ ದಾರಿ ಬದಲಿಸಿತು. ಸ್ವಂತ ಖರ್ಚಿನಲ್ಲಿ ಬಂದವರಿಗೆ 50 ಎಕರೆ ಜಮೀನು, ಜೊತೆಗೆ ಆಡಳಿತದಲ್ಲಿ ಮಾತಾಡುವ ಅವಕಾಶ. ಪ್ರಶ್ನೆಗೆ ಉತ್ತರ ಇದೇ: ಜನರನ್ನು ಕರೆತರಲು ಓಟು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ ಸಂಗತಿ.

1619, ಜುಲೈ 30. ಜೇಮ್ಸ್‌ಟೌನಿನ ಚರ್ಚಿನಲ್ಲಿ ಕಾನೂನು ಮಾಡುವ ಮೊದಲ ಸಭೆ. 11 ನೆಲೆಗಳಿಂದ ತಲಾ ಇಬ್ಬರು ಪ್ರತಿನಿಧಿಗಳು. ವಿಪರೀತ ಸೆಕೆ. ಮೂರನೇ ದಿನ ಒಬ್ಬ ಸದಸ್ಯ ತೀರಿಕೊಂಡ, ಆಗಸ್ಟ್ 4ಕ್ಕೇ ಸಭೆ ಮುಗಿಸಿದರು. ಆದರೂ ಆ ಸೆಕೆಯಲ್ಲಿ ಕೂತು ಮೊದಲು ಎತ್ತಿಕೊಂಡ ಪ್ರಶ್ನೆ ಯಾವುದು ಗೊತ್ತಾ? ಇಲ್ಲಿ ಕೂರಲು ಯಾರಿಗೆ ಹಕ್ಕಿದೆ?

ಜಾನ್ ಮಾರ್ಟಿನ್ ಅಂತ ಒಬ್ಬ ದೊಡ್ಡ ಜಮೀನ್ದಾರ. ವಸಾಹತಿನ ಕಾನೂನು ತನ್ನ ಜಮೀನಿಗೆ ಅನ್ವಯಿಸಬಾರದು ಅಂತ ಕಂಪನಿಯಿಂದಲೇ ಬರೆಸಿಕೊಂಡಿದ್ದ. ಅವನ ಕಡೆಯಿಂದಲೂ ಇಬ್ಬರು ಪ್ರತಿನಿಧಿಗಳು ಬಂದರು. ಸಭೆ ತಡೆಯಿತು. ನಿಮ್ಮ ಯಜಮಾನ ನಮ್ಮ ಕಾನೂನು ಪಾಲಿಸುವುದಿಲ್ಲ, ಮತ್ತೆ ನೀವು ನಮಗೆ ಕಾನೂನು ಮಾಡುವುದು ಹೇಗೆ? ನಾಲೆ ನೀರಿನ ಸರದಿಗೆ ತಾನು ನಿಲ್ಲುವುದಿಲ್ಲ, ಉಳಿದವರ ಸರದಿ ಮಾತ್ರ ತಾನೇ ಹೇಳುತ್ತೇನೆ ಅಂದರೆ ಯಾವ ರೈತ ಒಪ್ಪುತ್ತಾನೆ?

ಇದು ಸುಮ್ನೆ ಎತ್ತಿದ ತಕರಾರಲ್ಲ. ಮಾರ್ಟಿನ್‌ನ ಆಳುಗಳು ದೋಣಿಯಲ್ಲಿ ಹೋಗಿ, ಮಾರಲು ಒಪ್ಪದ ಸ್ಥಳೀಯರಿಂದ ಮುಸುಕಿನ ಜೋಳ ಕಿತ್ತುಕೊಂಡಿದ್ದರು ಎಂಬ ದೂರೂ ಸಭೆಯ ಮುಂದಿತ್ತು. ಅವನಿಗೆ ಕಾನೂನೇ ತಾಗದಿದ್ದರೆ ಇದನ್ನು ವಿಚಾರಿಸುವವರು ಯಾರು? ಸಭೆ ಅವನನ್ನು ಕರೆಸಿ, ಆ ವಿನಾಯಿತಿ ಬಿಡು ಅಂದಿತು. ಬಿಡಲ್ಲ ಅಂದ. ಇಬ್ಬರನ್ನೂ ವಾಪಸ್ ಕಳಿಸಿದರು.

ಕಂಪನಿಯ ದಾಖಲೆ ಕೈಯಲ್ಲಿದ್ದವನಿಗೇ ಹೀಗೆ ಹೇಳಿದ್ದು ಸಣ್ಣ ಧೈರ್ಯವಲ್ಲ. ಪ್ರಜಾಪ್ರಭುತ್ವದ ಬುಡದಲ್ಲಿರುವ ಮಾತೇ ಇದು ಅನ್ನುವುದು ನನ್ನ ಅಭಿಪ್ರಾಯ: ಕಾನೂನಿಗೆ ಬಗ್ಗದವನಿಗೆ ಕಾನೂನು ಮಾಡುವ ಹಕ್ಕಿಲ್ಲ. ಹಾಗಾದರೆ ಕಾನೂನಿಗೆ ಬಗ್ಗಲೇಬೇಕಾದವರಿಗೆ ಆ ಹಕ್ಕು ಇರಬೇಕಲ್ವಾ? ಇಲ್ಲಿಗೆ ಬಂದಾಗ ಅದೇ ಸಭೆ ಕಣ್ಣು ಮುಚ್ಚಿತು. ಹೆಂಗಸರಿಗೆ ಓಟಿಲ್ಲ. ಯಾರ ನೆಲವೋ ಆ ಪೊವ್ಹಾಟನ್ ಜನರಿಗೂ ಇಲ್ಲ.

[ತೆರೆಯ ಮೇಲೆ: ಪಾಯಿಂಟ್ ಕಂಫರ್ಟ್]

ಸಭೆ ಮುಗಿದು ಒಂದು ತಿಂಗಳೂ ಆಗಿಲ್ಲ. ಆಗಸ್ಟ್ ಕೊನೆಗೆ, ಜೇಮ್ಸ್ ನದಿ ಸಮುದ್ರದ ಕಡೆ ತೆರೆಯುವಲ್ಲಿರುವ ಪಾಯಿಂಟ್ ಕಂಫರ್ಟ್‌ಗೆ ವೈಟ್ ಲಯನ್ ಅನ್ನುವ ಹಡಗು ಬಂತು. ಅದರಲ್ಲಿ ಆಫ್ರಿಕಾದ ಅಂಗೋಲಾದಿಂದ ಹಿಡಿದು ತಂದ 20ಕ್ಕೂ ಜಾಸ್ತಿ ಜನ. ಅವರನ್ನು ಕೊಟ್ಟು ಹಡಗಿನವರು ದಿನಸಿ ತೆಗೆದುಕೊಂಡರು. ಕೊಂಡವರಲ್ಲಿ ಆ ಸಭೆ ಕರೆದ ಗವರ್ನರ್ ಜಾರ್ಜ್ ಯಾರ್ಡ್ಲಿಯೂ ಒಬ್ಬ.

ಸಮಯ ಕಡಿಮೆ ಇದೆ, ಮುಂದಿನದನ್ನು ಬೇಗ ಹೇಳುತ್ತೇನೆ. 1624ರಲ್ಲಿ ಕಂಪನಿ ಹೋಗಿ ನೇರ ರಾಜನ ಆಡಳಿತ ಬಂತು, ಸಭೆ ಉಳಿಯಿತು. 1662ರಲ್ಲಿ ಆ ಸಭೆಯೇ ಒಂದು ಕಾನೂನು ಮಾಡಿತು: ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ. ಕಪ್ಪು ಗಂಡಸರ ಓಟಿನ ಹಕ್ಕು ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1870ರಲ್ಲಿ, ಹೆಂಗಸರದ್ದು 1920ರಲ್ಲಿ. ಅಷ್ಟಾದರೂ ವರ್ಜೀನಿಯಾದಲ್ಲಿ ಓಟು ಹಾಕಲು ತೆರಿಗೆ ಕಟ್ಟಬೇಕಿತ್ತು. ವರ್ಷಕ್ಕೆ ಒಂದೂವರೆ ಡಾಲರ್. ಆನಿ ಹಾರ್ಪರ್ ಎಂಬ ಕಪ್ಪು ಮಹಿಳೆ ಕೋರ್ಟಿಗೆ ಹೋದರು. 1966ರಲ್ಲಿ ಸುಪ್ರೀಂ ಕೋರ್ಟ್ ಆ ತೆರಿಗೆಯನ್ನು ರದ್ದು ಮಾಡಿತು.