ಜಾಸ್ತಿ ಜನ ನಿಂತರೆ ಪಕ್ಷವೇ ಮಾಯ! ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯ ವಿಚಿತ್ರ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಮೊನ್ನೆ ಸನಿವೇಲ್‌ನಲ್ಲಿರುವ ನನ್ನ ಗೆಳೆಯ ಫೋನ್ ಮಾಡಿದ್ದ. "ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟ್ ಪಕ್ಷದವರೇ ಜಾಸ್ತಿ. ಆದರೂ ನವೆಂಬರ್‌ನಲ್ಲಿ ಗವರ್ನರ್ ಚುನಾವಣೆಗೆ ಆ ಪಕ್ಷದ ಒಬ್ಬರೂ ಇಲ್ಲದೇ ಹೋಗಬಹುದು ಅಂತಿದ್ದಾರೆ. ಅದು ಹೇಗೋ ಮಾರಾಯ?" ಅಂತ ಕೇಳಿದ. ನನಗೆ ನಂಬಿಕೆ ಬರಲಿಲ್ಲ. ಹುಡುಕುತ್ತಾ ಹೋದೆ. ಗವರ್ನರ್ ಸ್ಥಾನಕ್ಕಲ್ಲದಿದ್ದರೂ, ಅಲ್ಲಿನ ಇನ್ನೊಂದು ಚುನಾವಣೆಯಲ್ಲಿ ಇದು ಆಗಿಯೂ ಬಿಟ್ಟಿದೆ!

ಮೊದಲು ಬೇಗ ಬೇಗ ನಾಲ್ಕು ಮಾತು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಅವರನ್ನು ಜನರೇ ಆರಿಸುತ್ತಾರೆ, ಕೆಲಸ ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿಯದ್ದು. ಈಗಿನ ಗವರ್ನರ್ ಗ್ಯಾವಿನ್ ನ್ಯೂಸಮ್ 2018ರಲ್ಲಿ ಗೆದ್ದರು, 2022ರಲ್ಲಿ ಮತ್ತೆ ಗೆದ್ದರು. 1990ರಲ್ಲಿ ಅಲ್ಲಿನ ಜನ ಮತ ಹಾಕಿ ಒಂದು ನಿಯಮ ತಂದಿದ್ದಾರೆ. ಒಬ್ಬರು ಜೀವನದಲ್ಲಿ ಎರಡೇ ಸಲ ಗವರ್ನರ್ ಆಗಬಹುದು. ಹಾಗಾಗಿ 2026ರಲ್ಲಿ ನ್ಯೂಸಮ್ ನಿಲ್ಲುವಂತಿಲ್ಲ. ಕುರ್ಚಿ ಖಾಲಿ.

ಕಮಲಾ ಹ್ಯಾರಿಸ್ ನಿಲ್ಲಬಹುದು ಅಂತ ತುಂಬಾ ಜನ ಕಾದಿದ್ದರು. 2025ರ ಜುಲೈನಲ್ಲಿ ಅವರು ನಿಲ್ಲಲ್ಲ ಎಂದುಬಿಟ್ಟರು. ದೊಡ್ಡ ಮರ ಇಲ್ಲದ ಜಾಗದಲ್ಲಿ ಹತ್ತಾರು ಸಸಿ ಏಳುತ್ತವೆ, ಅಲ್ವಾ? ಹಾಗೇ ಆಯಿತು. ಡೆಮಾಕ್ರಟ್ ಕಡೆಯಿಂದ ಕೇಟಿ ಪೋರ್ಟರ್, ಹೇವಿಯರ್ ಬಸೆರಾ, ಟಾಮ್ ಸ್ಟೇಯರ್, ಇನ್ನೂ ಹಲವರು ಮುಂದೆ ಬಂದರು. ಎದುರಾಳಿ ರಿಪಬ್ಲಿಕನ್ ಪಕ್ಷದ ಕಡೆಯಿಂದ ಹೆಚ್ಚು ಕೇಳಿಬಂದ ಹೆಸರು ಎರಡೇ: ಟಿವಿ ನಿರೂಪಕರಾಗಿದ್ದ ಸ್ಟೀವ್ ಹಿಲ್ಟನ್, ರಿವರ್‌ಸೈಡ್ ಕೌಂಟಿಯ (ಅಂದರೆ ಜಿಲ್ಲೆಯ) ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಚಾಡ್ ಬಿಯಾಂಕೊ.

ಈಗ ಅಸಲು ವಿಷಯ. 2026ರ ಜೂನ್ 2 ಪ್ರೈಮರಿ ದಿನ. ಪ್ರೈಮರಿ ಅಂದರೆ ನವೆಂಬರ್‌ನ ಅಂತಿಮ ಚುನಾವಣೆಗೆ ಯಾರು ಹೋಗಬೇಕು ಅಂತ ಆರಿಸುವ ಮೊದಲ ಸುತ್ತಿನ ಮತದಾನ. ಬೇರೆ ಬಹಳ ರಾಜ್ಯಗಳಲ್ಲಿ ಪ್ರತಿ ಪಕ್ಷವೂ ತನ್ನ ಪ್ರೈಮರಿಯಲ್ಲಿ ಒಬ್ಬರನ್ನು ಆರಿಸಿ ಕಳಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ಇರುತ್ತಾರೆ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಮತ ಹಾಕಬಹುದು. ಮೊದಲ ಎರಡು ಸ್ಥಾನ ಪಡೆದವರು ನವೆಂಬರ್ 3ಕ್ಕೆ ಹೋಗುತ್ತಾರೆ. ಯಾವ ಪಕ್ಷ ಅಂತ ಕೇಳುವ ಹಾಗಿಲ್ಲ.

[ಪರದೆಯ ಮೇಲೆ: ಎಂಟು ಬಾಳೆ ಎಲೆ]

ಇದನ್ನು ಹೋಳಿಗೆ ಲೆಕ್ಕದಲ್ಲಿ ನೋಡೋಣ. ಒಟ್ಟು 100 ಹೋಳಿಗೆ. ಒಂದು ಮನೆಯವರಿಗೆ 60, ಪಕ್ಕದ ಮನೆಯವರಿಗೆ 40. ಜಾಸ್ತಿ ಇರುವುದು ಮೊದಲ ಮನೆಯಲ್ಲೇ. ಆದರೆ ಆ ಮನೆಯಿಂದ ಪಂಕ್ತಿಗೆ ಕೂತವರು ಆರು ಜನ. ಒಬ್ಬೊಬ್ಬರ ಎಲೆಗೆ ಹತ್ತು ಹತ್ತು. ಪಕ್ಕದ ಮನೆಯಿಂದ ಬಂದವರು ಇಬ್ಬರೇ. ಅವರ ಎಲೆಗೆ ಇಪ್ಪತ್ತಿಪ್ಪತ್ತು. ಈಗ ಹೇಳಿ, ಯಾರ ಎಲೆಯಲ್ಲಿ ಜಾಸ್ತಿ ಇದೆ? 40 ಇದ್ದ ಮನೆಯ ಇಬ್ಬರೂ ಫೈನಲ್‌ಗೆ. 60 ಇದ್ದ ಮನೆಯವರು ಎಲೆ ಎತ್ತಿಕೊಂಡು ವಾಪಸ್!

ಇನ್ನೊಂದು ವಿಷಯ ಗಮನಿಸಿ. ಆ ಆರರಲ್ಲಿ ಒಬ್ಬರು ಎದ್ದು ತಮ್ಮ ಪಾಲನ್ನು ಪಕ್ಕದವರಿಗೆ ಕೊಟ್ಟರೂ ಸಾಕು, 20 ಆಗಿ ಲೆಕ್ಕ ಸಮ. ಇಬ್ಬರು ಎದ್ದು ಒಬ್ಬರಿಗೇ ಕೊಟ್ಟರೆ 30, ಆ ಎಲೆಯೇ ಮೊದಲನೆಯದು. ಅಂದರೆ ಗೆಲ್ಲಲಾಗದವರು ಯಾವಾಗ ಎದ್ದು ಹೋಗುತ್ತಾರೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಆದರೆ ಎಲೆ ಮುಂದೆ ಕೂತವರು ಸುಮ್ನೆ ಏಳುತ್ತಾರಾ?

2012ರಲ್ಲಿ ಯಾರೂ ಏಳಲಿಲ್ಲ. ಈ ಪದ್ಧತಿ ರಾಜ್ಯದಲ್ಲೆಲ್ಲ ಮೊದಲು ಜಾರಿಗೆ ಬಂದ ವರ್ಷ ಅದು. ಸ್ಯಾನ್ ಬರ್ನಾರ್ಡಿನೊ ಕಡೆಯ 31ನೇ ಕಾಂಗ್ರೆಸ್ ಕ್ಷೇತ್ರ. (ಇಲ್ಲಿ ಕಾಂಗ್ರೆಸ್ ಅಂದರೆ ಅಮೆರಿಕದ ಸಂಸತ್ತು.) ನಾಲ್ಕು ಜನ ಡೆಮಾಕ್ರಟ್, ಇಬ್ಬರು ರಿಪಬ್ಲಿಕನ್. ಜೂನ್‌ನಲ್ಲಿ ಆ ಇಬ್ಬರು ರಿಪಬ್ಲಿಕನ್ನರೇ, ಗ್ಯಾರಿ ಮಿಲ್ಲರ್ ಮತ್ತು ಬಾಬ್ ಡಟನ್, ಮೊದಲ ಎರಡು ಸ್ಥಾನಕ್ಕೆ ಬಂದರು. ಡೆಮಾಕ್ರಟ್ ಪೀಟ್ ಅಗಿಲಾರ್ ಸ್ವಲ್ಪದರಲ್ಲೇ ಮೂರನೆಯವರಾದರು. ನವೆಂಬರ್‌ನಲ್ಲಿ ಅದೇ ಕ್ಷೇತ್ರದ ಜನ ಅಧ್ಯಕ್ಷ ಸ್ಥಾನಕ್ಕೆ ಒಬಾಮಾ ಅವರನ್ನು ಗೆಲ್ಲಿಸಿದರು. ಆದರೆ ಕಾಂಗ್ರೆಸ್ ಸ್ಥಾನಕ್ಕೆ ಅವರ ಮುಂದೆ ಇದ್ದದ್ದು ಇಬ್ಬರು ರಿಪಬ್ಲಿಕನ್ನರು ಮಾತ್ರ. ಎರಡು ವರ್ಷ ಆದಮೇಲೆ ಅಗಿಲಾರ್ ಗೆದ್ದರು ಬಿಡಿ. ಆದರೆ ಆ ಎರಡು ವರ್ಷ ಜನರಿಗೆ ತಮಗೆ ಬೇಕಾದ ಪ್ರತಿನಿಧಿ ಸಿಗಲಿಲ್ಲ. ನನಗೆ ಇದು ನಿಜವಾಗಲೂ ಬೇಜಾರು ತರಿಸುತ್ತದೆ.

ಯಾಕೆ ಇಂಥ ಪದ್ಧತಿ ತಂದರು? 2009ರಲ್ಲಿ ರಾಜ್ಯದ ಖಜಾನೆ ಬರಿದಾಗಿತ್ತು, ಬಜೆಟ್ ಪಾಸಾಗಲು ಮತ ಸಾಲುತ್ತಿರಲಿಲ್ಲ. ಏಬಲ್ ಮಾಲ್ಡೊನಾಡೊ ಎಂಬ ರಿಪಬ್ಲಿಕನ್ ರಾಜ್ಯ ಸೆನೆಟರ್ (ರಾಜ್ಯದ ಮೇಲ್ಮನೆ ಸದಸ್ಯ) ಷರತ್ತು ಹಾಕಿದರು. ಪ್ರೈಮರಿಯನ್ನು ಎಲ್ಲರಿಗೂ ತೆರೆಯುವ ಪ್ರಶ್ನೆಯನ್ನು ಜನರ ಮುಂದಿಡಿ, ನನ್ನ ಮತ ಕೊಡುತ್ತೇನೆ ಅಂದರು. ಇಟ್ಟರು. 2010ರ ಜೂನ್‌ನಲ್ಲಿ ಜನ ಒಪ್ಪಿದರು. ಎಲ್ಲರ ಮತ ಕೇಳಬೇಕಾದಾಗ ನಾಯಕರು ಅತಿರೇಕ ಬಿಟ್ಟು ನಡುದಾರಿಗೆ ಬರುತ್ತಾರೆ ಅನ್ನುವುದು ಆಸೆ. ಆ ಆಸೆ ಒಳ್ಳೆಯದೇ. ನನ್ನ ತಕರಾರು ಇರುವುದು ಇನ್ನೊಂದು ನಿಯಮದ ಬಗ್ಗೆ. ನವೆಂಬರ್‌ನಲ್ಲಿ ಬೇರೆ ಹೆಸರನ್ನು ಕೈಯಲ್ಲಿ ಬರೆದು ಹಾಕಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರೂ ಒಂದೇ ಪಕ್ಷದವರಾದರೆ ಉಳಿದವರಿಗೆ ಬಾಗಿಲೇ ಇಲ್ಲ. ಆ ಬಾಗಿಲನ್ನಾದರೂ ತೆರೆದಿಡಬೇಕಿತ್ತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಇದರ ಉಲ್ಟಾ ಕೂಡ ಆಗುತ್ತದೆ. 2016ರಲ್ಲಿ ಅಮೆರಿಕದ ಸೆನೆಟ್ (ಸಂಸತ್ತಿನ ಮೇಲ್ಮನೆ) ಸ್ಥಾನದ ಫೈನಲ್‌ನಲ್ಲಿ ಕಮಲಾ ಹ್ಯಾರಿಸ್, ಲೊರೆಟಾ ಸಾಂಚೆಜ್ ಇಬ್ಬರೂ ಡೆಮಾಕ್ರಟರೇ. 2024ರ ಸೆನೆಟ್ ಪ್ರೈಮರಿಯಲ್ಲಿ ಡೆಮಾಕ್ರಟ್ ಆಡಂ ಶಿಫ್ ತಮ್ಮ ಜಾಹೀರಾತಿನಲ್ಲಿ ರಿಪಬ್ಲಿಕನ್ ಸ್ಟೀವ್ ಗಾರ್ವಿ ಹೆಸರನ್ನೇ ಎತ್ತಿ ಎತ್ತಿ ಬೈದರು. ಅದರಿಂದ ಗಾರ್ವಿ ಹೆಸರು ರಿಪಬ್ಲಿಕನ್ ಮತದಾರರಿಗೆಲ್ಲ ಮುಟ್ಟಿತು, ಅವರು ಎರಡನೆಯವರಾದರು. ಮೂರನೆಯವರಾಗಿ ಹೊರಬಿದ್ದವರು ಕೇಟಿ ಪೋರ್ಟರ್. ಡೆಮಾಕ್ರಟರೇ ಜಾಸ್ತಿ ಇರುವ ಕಡೆ ನವೆಂಬರ್‌ನಲ್ಲಿ ಡೆಮಾಕ್ರಟ್‌ಗಿಂತ ರಿಪಬ್ಲಿಕನ್ ಎದುರಾಳಿಯೇ ಸುಲಭ ನೋಡಿ. ಅದಕ್ಕೇ ಈ ಸಲ ಯಾರು ಯಾರನ್ನು ಬೈಯುತ್ತಿದ್ದಾರೆ ಅನ್ನುವುದನ್ನೂ ನೋಡುತ್ತಿರಿ. ಇನ್ನು, ಜೂನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಬಂದರೂ ಗೆದ್ದ ಹಾಗಲ್ಲ, ನವೆಂಬರ್ ಪರೀಕ್ಷೆ ಬರೆಯಲೇಬೇಕು.

ನನ್ನ ಗೆಳೆಯನ ಹತ್ತಿರ ಇರುವುದು ಗ್ರೀನ್ ಕಾರ್ಡ್. ಅವನಿಗೆ ಮತ ಇಲ್ಲ. ಅವನ ಹೆಂಡತಿ ಅಲ್ಲಿನ ನಾಗರಿಕರು, ಅವರಿಗಿದೆ. ನೋಂದಾಯಿತ ಮತದಾರರಿಗೆಲ್ಲ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಹೋದ ಸಲ ಜೂನ್‌ನ ಲಕೋಟೆ ಅವರ ಅಡುಗೆಮನೆ ಮೇಜಿನ ಮೇಲೆ ಬಿಲ್ಲುಗಳ ಅಡಿಯಲ್ಲೇ ಉಳಿದುಬಿಟ್ಟಿತ್ತಂತೆ. "ನವೆಂಬರ್‌ನಲ್ಲಿ ಹಾಕಿದರೆ ಆಯಿತು ಅಂದುಕೊಂಡಿದ್ದೆವು" ಅಂದ. ಈ ಸಲ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸುತ್ತೇವೆ ಅಂತ ಹೇಳಿದ್ದಾನೆ.