ಸುಲ್ತಾನನ ಮೇಲೆ 70 ಸಾವಿರ ದೂರು

ಎಲ್ಲರಿಗೂ ನಮಸ್ಕಾರ.

ಟಿವಿ ಧಾರಾವಾಹಿ ಬಗ್ಗೆ ಉಪನ್ಯಾಸ ಬೇಕಾ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ಇದು ಒಂದು ದೇಶದ ಪ್ರಧಾನಿಯೇ ವೇದಿಕೆ ಮೇಲೆ ನಿಂತು ಬೈದ ಧಾರಾವಾಹಿ. ಅವರು ಬೈದ ಮೇಲೂ ಜನ ಬುಧವಾರ ರಾತ್ರಿ ಟಿವಿ ಮುಂದೆ ಕೂರುವುದನ್ನು ಬಿಡಲಿಲ್ಲ.

ಹೆಸರು ‘ಮುಹ್ತೆಶೆಮ್ ಯೂಜ್‌ಯಿಲ್’, ಅಂದರೆ ವೈಭವದ ಶತಮಾನ. 2011ರ ಜನವರಿ 5ರಂದು ಟರ್ಕಿಯ ಶೋ ಟಿವಿಯಲ್ಲಿ ಶುರುವಾಯಿತು. ಆಮೇಲೆ ಸ್ಟಾರ್ ಟಿವಿಗೆ ಹೋಯಿತು. 2014ರ ಜೂನ್‌ನಲ್ಲಿ ಮುಗಿಯಿತು. ಒಟ್ಟು 139 ಕಂತು. ಕಂತು ಅಂದರೆ ನಮ್ಮ ಸೀರಿಯಲ್‌ಗಳ ಹಾಗೆ ದಿನಾ ಇಪ್ಪತ್ತು ನಿಮಿಷ ಅಲ್ಲ. ವಾರಕ್ಕೊಂದೇ, ಆದರೆ ಒಂದೊಂದೂ ಒಂದೂವರೆ, ಎರಡು ಗಂಟೆ. ವಾರವಾರ ಒಂದು ಸಿನಿಮಾ ತೆಗೆದ ಹಾಗೆ. ಹೊರದೇಶದ ಚಾನೆಲ್‌ಗಳು ಒಂದನ್ನೇ ಕತ್ತರಿಸಿ ಎರಡು ಮೂರು ಕಂತು ಮಾಡಿಕೊಂಡವು. ‘ಎಳೀತಾರೆ, ಒಬ್ಬರ ಮುಖ ಒಬ್ಬರು ನೋಡುವುದರಲ್ಲೇ ಹತ್ತು ನಿಮಿಷ ಹೋಗುತ್ತೆ’ ಅನ್ನುವ ದೂರು ಎಲ್ಲ ಭಾಷೆಯ ನೋಡುಗರಲ್ಲೂ ಇದೆ. ಅದು ನಿಜವೇ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಕಥೆ ಟರ್ಕಿಯಿಂದ ಆಳಿದ ಒಟ್ಟೊಮನ್ ಮನೆತನದ ಸುಲ್ತಾನ ಸುಲೇಮಾನನದು. 1520ರಿಂದ 1566ರವರೆಗೆ ಆಳಿದವನು. ಶುರುವಿನ ವರ್ಷಗಳಲ್ಲಿ ನಮ್ಮಲ್ಲಿ ಕೃಷ್ಣದೇವರಾಯ ಸಿಂಹಾಸನದಲ್ಲಿದ್ದ. ರಕ್ಕಸಗಿ–ತಂಗಡಗಿ ಯುದ್ಧ ನಡೆದ ಮರುವರ್ಷ ಸುಲೇಮಾನ ತೀರಿಕೊಂಡ.

ಪ್ರೋಮೋ ಬಂದ ದಿನಗಳಲ್ಲೇ ದೂರು ಸುರಿಯತೊಡಗಿತು. ಸುಲ್ತಾನ ಮದ್ಯ ಕುಡಿಯುವುದನ್ನು ತೋರಿಸಿದ್ದಾರೆ, ಅಂತಃಪುರದಲ್ಲೇ ಬಿದ್ದಿರುವ ಹಾಗೆ ತೋರಿಸಿದ್ದಾರೆ ಅಂತ. ಅಲ್ಲಿನ ಪ್ರಸಾರ ನಿಯಂತ್ರಣ ಮಂಡಳಿಗೆ 70 ಸಾವಿರಕ್ಕೂ ಹೆಚ್ಚು ದೂರು ಬಂದವು. ಚಾನೆಲ್ ಮುಂದೆ ಪ್ರತಿಭಟನೆಯೂ ಆಯಿತು. ಮಂಡಳಿ ಚಾನೆಲ್‌ಗೆ ಎಚ್ಚರಿಕೆ ಕೊಟ್ಟಿತು. ಕಾರಣ ಕೇಳಿ: ಒಬ್ಬ ಐತಿಹಾಸಿಕ ವ್ಯಕ್ತಿಯ ಖಾಸಗಿ ಬದುಕಿನ ಬಗ್ಗೆ ಇರಬೇಕಾದ ಸೂಕ್ಷ್ಮತೆ ಇರಲಿಲ್ಲವಂತೆ. ಸತ್ತು ನಾನೂರು ವರ್ಷ ದಾಟಿದವನಿಗೂ ಖಾಸಗಿತನ! ಕತೆ ಬರೆದ ಮೆರಾಲ್ ಒಕಾಯ್ ಇದು ಇತಿಹಾಸದಿಂದ ಸ್ಫೂರ್ತಿ ಪಡೆದ ಕಲ್ಪನೆ ಅಂತ ಹೇಳುತ್ತಲೇ ಬಂದರು. ನಮ್ಮಲ್ಲೂ 1990ರಲ್ಲಿ ದೂರದರ್ಶನದಲ್ಲಿ ಟಿಪ್ಪು ಧಾರಾವಾಹಿ ಬಂದಾಗ ಇದು ಕಾದಂಬರಿಯಿಂದ ತೆಗೆದ ಕಥೆ ಅಂತ ಸೂಚನೆ ಹಾಕಬೇಕಾಗಿ ಬಂತು. ಸೂಚನೆ ಓದಿ ಯಾರಾದರೂ ಸುಮ್ಮನಾದರಾ? ಇಲ್ಲ.

2012ರ ನವೆಂಬರ್‌ನಲ್ಲಿ ಆಗಿನ ಪ್ರಧಾನಿ ಎರ್ಡೋಗನ್ ಕುತಾಹ್ಯದಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೆ ಹೋಗಿದ್ದರು. ಅಲ್ಲಿ ಈ ಧಾರಾವಾಹಿಯ ಮಾತೆತ್ತಿದರು. ನಮ್ಮ ಪೂರ್ವಿಕರು ಇಂಥವರಲ್ಲ, ಸುಲೇಮಾನ ಮೂವತ್ತು ವರ್ಷ ಕುದುರೆ ಮೇಲೆ ಕಳೆದವನು ಅಂದರು. ಆಮೇಲಿನ ಕಂತುಗಳಲ್ಲಿ ಅಂತಃಪುರದವರ ಉಡುಗೆ ಬಿಗಿಯಾಯಿತು, ನಮಾಜಿನ ದೃಶ್ಯ ಹೆಚ್ಚಾಯಿತು ಅಂತ ನೋಡುಗರು ಗುರುತಿಸಿದರು.

ಪ್ರಧಾನಿಯ ಲೆಕ್ಕ ಸ್ವಲ್ಪ ಉದಾರವಾದದ್ದು. 46 ವರ್ಷದ ಆಳ್ವಿಕೆಯಲ್ಲಿ ಸುಲೇಮಾನ ತಾನೇ ಮುಂದೆ ನಿಂತು ಹೋದ ದಂಡಯಾತ್ರೆಗಳು 13. ಅದೇನು ಕಡಿಮೆಯಲ್ಲ. 1521ರಲ್ಲಿ ಬೆಲ್‌ಗ್ರೇಡ್, ಮರುವರ್ಷ ರೋಡ್ಸ್, 1526ರಲ್ಲಿ ಮೊಹಾಚ್, 1529ರಲ್ಲಿ ವಿಯೆನ್ನಾ ಬಾಗಿಲು. ಸತ್ತದ್ದೂ ಹಂಗೆರಿಯ ಸಿಗೆತ್‌ವಾರ್ ಕೋಟೆಯ ಮುತ್ತಿಗೆ ನಡೆಯುತ್ತಿದ್ದಾಗ, ಡೇರೆಯಲ್ಲೇ. ಆಗ ವಯಸ್ಸು ಎಪ್ಪತ್ತು ದಾಟಿತ್ತು. ಇಷ್ಟೆಲ್ಲ ಕುದುರೆ ಸವಾರಿ ಮಾಡಿದವನೇ ‘ಮುಹಿಬ್ಬಿ’ ಅನ್ನುವ ಕಾವ್ಯನಾಮದಲ್ಲಿ ಹೆಂಡತಿ ಹುರ್ರೆಮ್‌ಗೆ ಗಜಲ್ ಬರೆದ. ನೀನೇ ನನ್ನ ಇಸ್ತಾಂಬುಲ್, ನೀನೇ ನನ್ನ ಬಗ್ದಾದ್, ನೀನೇ ನನ್ನ ಖುರಾಸಾನ್ ಅಂತ ಊರೂರಿನ ಹೆಸರಿಟ್ಟು ಅವಳನ್ನು ಕರೆದ. ಅವಳು ಅವನಿಗೆ ಬರೆದ ಪತ್ರಗಳು ಇವತ್ತಿಗೂ ಉಳಿದಿವೆ. ಅಂತಃಪುರದ ಸುದ್ದಿ ಬೇಡ ಅನ್ನುವವರು ಮೊದಲು ಸುಲ್ತಾನನಿಗೇ ಹೇಳಬೇಕಿತ್ತು.

ಆ 70 ಸಾವಿರ ದೂರುಗಳು ತಪ್ಪು ವಿಳಾಸಕ್ಕೆ ಹೋದವು ಅನ್ನುವುದು ನನ್ನ ಅಭಿಪ್ರಾಯ. ಉಡುಗೆಯ ಬಗ್ಗೆ ತಕರಾರಿದ್ದರೆ ಒಪ್ಪಿಕೊಳ್ಳುತ್ತೇನೆ. ಎದೆ ಕಾಣುವ ಹಾಗೆ ಕತ್ತರಿಸಿದ ಆ ಗೌನುಗಳು ಇಸ್ತಾಂಬುಲ್‌ಗಿಂತ ಯುರೋಪಿನ ಚಿತ್ರಪಟಗಳಿಗೇ ಹತ್ತಿರ. ಆದರೆ ಇತಿಹಾಸಕ್ಕೆ ಧಾರಾವಾಹಿ ಮಾಡಿದ ದೊಡ್ಡ ಅನ್ಯಾಯ ಅದಲ್ಲ. ಜನ ಯಾವುದನ್ನು ಬಾಯಿ ಚಪ್ಪರಿಸಿ ನೋಡಿದರೋ ಅದರೊಳಗೇ ಆ ಅನ್ಯಾಯ ಇದೆ.

ಹುರ್ರೆಮ್ ಕಥೆ ನೋಡಿ. ಇವತ್ತಿನ ಉಕ್ರೇನ್‌ನ ರೊಹಾಟಿನ್ ಕಡೆಯಿಂದ ಹಿಡಿದು ತಂದು ಮಾರಿದ ಹುಡುಗಿ ಅನ್ನುವುದು ಪ್ರತೀತಿ. ಮೊದಲ ಕಂತುಗಳಲ್ಲಿ ಅವಳು ಕೂಗುತ್ತಾಳೆ, ಕಚ್ಚುತ್ತಾಳೆ, ಯಾರ ಮಾತೂ ಕೇಳುವುದಿಲ್ಲ. ಎಲ್ಲರೂ ತಲೆ ತಗ್ಗಿಸಿ ನಿಂತಿರುವಾಗ ಇವಳೊಬ್ಬಳೇ ತಲೆಯೆತ್ತಿ ‘ಸುಲೇಮಾನ್’ ಅಂತ ಹೆಸರು ಹಿಡಿದು ಕರೆದು ಅವನ ತೋಳಿಗೇ ಬೀಳುತ್ತಾಳೆ. ಮೆರ್ಯೆಮ್ ಉಜೆರ್ಲಿ ಈ ಪಾತ್ರ ಮಾಡಿದವರು. ಜರ್ಮನಿಯಲ್ಲಿ ಹುಟ್ಟಿ ಬೆಳೆದವರು, ಅವರ ಟರ್ಕಿಶ್ ಉಚ್ಚಾರಣೆ ಸ್ವಲ್ಪ ಬೇರೆ. ಪರದೇಶದಿಂದ ಬಂದ ದಾಸಿಗೆ ಅದೇ ಸರಿಹೊಂದಿತು. ನೋಡುಗರಲ್ಲಿ ಕೂಡಲೇ ಎರಡು ಪಕ್ಷ ಆಯಿತು. ಒಂದು ಹುರ್ರೆಮ್ ಪಕ್ಷ. ಇನ್ನೊಂದು ಅವಳಿಗಿಂತ ಮೊದಲು ಸುಲ್ತಾನನ ಸಂಗಾತಿಯಾಗಿದ್ದ ಮಹಿದೇವ್ರಾನ್ ಪಕ್ಷ. ‘ಏನೂ ಇಲ್ಲದೆ ಬಂದವಳು, ಬುದ್ಧಿಯಿಂದ ಮೇಲೆ ಬಂದಳು’ ಅಂತ ಒಬ್ಬರು. ‘ಇನ್ನೊಬ್ಬಳ ಸಂಸಾರ ಹಾಳು ಮಾಡಿದಳು’ ಅಂತ ಇನ್ನೊಬ್ಬರು. ಈ ಜಗಳ ಅರ್ಥ ಮಾಡಿಕೊಳ್ಳಲು ನಮಗೆ ಸಬ್‌ಟೈಟಲ್ ಬೇಕಾಗಿಲ್ಲ, ಅಲ್ವಾ?

2013ರಲ್ಲಿ ಉಜೆರ್ಲಿ ದಣಿದು ಸಾಕಾಗಿದೆ ಅಂತ ಹೇಳಿ ಧಾರಾವಾಹಿ ಬಿಟ್ಟರು. ವಾರಕ್ಕೆ ಎರಡು ಗಂಟೆ ಕಂತು ಅಂದರೆ ಯಾರಿಗೆ ತಾನೇ ಸಾಕಾಗುವುದಿಲ್ಲ! ಕೊನೆಯ ಸೀಸನ್‌ನಲ್ಲಿ ವಹಿದೆ ಪೆರ್ಚಿನ್ ಬಂದರು. ಒಳ್ಳೆಯ ನಟಿ. ಆದರೂ ‘ಇವರು ನಮ್ಮ ಹುರ್ರೆಮ್ ಅಲ್ಲ’ ಅನ್ನುವ ಗೊಣಗಾಟ ಕೊನೆವರೆಗೂ ನಿಲ್ಲಲಿಲ್ಲ.

2014ರ ಫೆಬ್ರವರಿ 12ರಂದು ಶಹಜಾದೆ, ಅಂದರೆ ರಾಜಕುಮಾರ, ಮುಸ್ತಫಾ ಸಾಯುವ ಕಂತು ಬಂತು. ಸುಲೇಮಾನ ಮತ್ತು ಮಹಿದೇವ್ರಾನ್‌ಳ ಮಗ. ಸೈನ್ಯಕ್ಕೆ ಅಚ್ಚುಮೆಚ್ಚಿನವನು. ಅಪ್ಪ ಕರೆಸಿದ್ದಾನೆ ಅಂತ ದಂಡಿನ ಬೀಡಿಗೆ ಬರುತ್ತಾನೆ. ಹೋಗಬೇಡ ಅಂದವರ ಮಾತು ಕೇಳುವುದಿಲ್ಲ. ಆಯುಧ ಬಿಚ್ಚಿ ಕೊಟ್ಟು ಡೇರೆಯೊಳಗೆ ಕಾಲಿಡುತ್ತಾನೆ. ಒಳಗೆ ಅಪ್ಪನ ಬದಲು ಮಾತು ಬಾರದ ಕೊಲೆಗಾರರು. ಅಪ್ಪ ಇರುವುದು ಪರದೆಯ ಆಚೆ. ಮುಸ್ತಫಾ ಪಾತ್ರದ ಮೆಹ್ಮೆತ್ ಗುನ್ಸುರ್ ಸುಲಭಕ್ಕೆ ಬಗ್ಗುವುದಿಲ್ಲ. ಒಬ್ಬರನ್ನು ಕೊಡವಿದರೆ ಇನ್ನೊಬ್ಬರು ಬರುತ್ತಾರೆ. ನೋಡುವವರಿಗೆ ಬೇಗ ಮುಗಿದರೆ ಸಾಕು ಅನ್ನಿಸುತ್ತದೆ, ಮುಗಿಯಲೂ ಬಾರದು ಅನ್ನಿಸುತ್ತದೆ.

ಇದು ನಿಜವಾಗಿ ನಡೆದದ್ದು 1553ರ ಅಕ್ಟೋಬರ್‌ನಲ್ಲಿ, ಕೊನ್ಯಾ ಹತ್ತಿರದ ಎರೆಗ್ಲಿಯಲ್ಲಿ. ಮುಸ್ತಫಾನ ಗೋರಿ ಬುರ್ಸಾದ ಮುರಾದಿಯೆಯಲ್ಲಿದೆ. ಕಂತು ಪ್ರಸಾರವಾದ ಮೇಲೆ ಅಲ್ಲಿಗೆ ಜನ ಸಾಲುಗಟ್ಟಿ ಬಂದರು. ಅತ್ತರು, ಪ್ರಾರ್ಥಿಸಿದರು. 460 ವರ್ಷದ ಹಿಂದಿನ ಸಾವಿಗೆ ಮೊನ್ನೆ ನಡೆದದ್ದರ ಹಾಗೆ ಶೋಕ. ಹುರ್ರೆಮ್‌ಗೂ ಅವಳ ಅಳಿಯ, ವಜೀರ ರುಸ್ತೆಮ್ ಪಾಷಾಗೂ ಹಿಡಿಶಾಪ.

ನಮಗೆ ಈ ಕಥೆ ಗೊತ್ತು. ಹುರ್ರೆಮ್ ಅಂದರೆ ಕೈಕೇಯಿ, ರುಸ್ತೆಮ್ ಅಂದರೆ ಮಂಥರೆ, ಮುಸ್ತಫಾ ರಾಮ. ಹೀಗೆ ಪಾತ್ರ ಹಂಚಿದ ಕೂಡಲೇ ಒಬ್ಬನು ಬಚಾವಾಗುತ್ತಾನೆ. ದಶರಥ! ಪಾಪ, ಅವನೇನು ಮಾಡಿಯಾನು, ಹೆಂಡತಿಯ ಮಾತಿಗೆ ಸಿಕ್ಕಿಕೊಂಡ.

ತಮಾಷೆ ಅಂದರೆ ಈ ಅಭಿಪ್ರಾಯ ಧಾರಾವಾಹಿಯವರು ಹುಟ್ಟಿಸಿದ್ದಲ್ಲ. 1553ರಲ್ಲೇ ಇತ್ತು. ಸೈನಿಕರು ಸಿಟ್ಟಿಗೆದ್ದಾಗ ಸುಲ್ತಾನ ರುಸ್ತೆಮ್‌ನನ್ನು ಹುದ್ದೆಯಿಂದ ಇಳಿಸಿದ. ಎರಡು ವರ್ಷದಲ್ಲಿ ಮತ್ತೆ ಕೂರಿಸಿದ, ಅದು ಬೇರೆ ಮಾತು. ಯಾಹ್ಯಾ ಅನ್ನುವ ಸೈನಿಕ ಕವಿ ಬರೆದ ಶೋಕಗೀತೆ ಕೈಯಿಂದ ಕೈಗೆ ಹರಿದಾಡಿತು. ಅದರಲ್ಲೂ ಬೈಗುಳ ರುಸ್ತೆಮ್‌ಗೆ. ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ರಾಯಭಾರಿ ಬುಸ್ಬೆಕ್ ಇಸ್ತಾಂಬುಲ್‌ಗೆ ಬಂದದ್ದು ಕೊಲೆಯಾದ ಮೇಲೆ. ಊರಲ್ಲಿ ಕೇಳಿದ್ದನ್ನೆಲ್ಲ ಬರೆದ. ಪರದೆಯ ಆಚೆಯಿಂದ ಸುಲ್ತಾನ ಇಣುಕಿ ಕೊಲೆಗಾರರನ್ನು ಗದರಿಸಿದ ಅನ್ನುವುದೂ ಅವನ ಬರಹದಲ್ಲಿದೆ. ಯುರೋಪು ಹುರ್ರೆಮ್‌ಳನ್ನು ಮಾಟಗಾತಿ ಅಂತ ನಂಬಿದ್ದರಲ್ಲಿ ಇವನ ಪಾಲು ಸಣ್ಣದಲ್ಲ. ಅಂದರೆ 2014ರ ನೋಡುಗರು ಹೇಳಿದ್ದು 1553ರ ಬೀದಿಯ ಮಾತನ್ನೇ.

ಹಾಗಾದರೆ ಮುಸ್ತಫಾ ಯಾಕೆ ಸತ್ತ? ಲೆಸ್ಲಿ ಪಿಯರ್ಸ್ ಅವರಂಥ ಇತಿಹಾಸಕಾರರು ಅಂತಃಪುರವನ್ನು ಅಧ್ಯಯನ ಮಾಡಿ ಕೊಡುವ ಚಿತ್ರ ಬೇರೆಯೇ. ಆ ಮನೆತನದಲ್ಲಿ ಹಿರಿಯ ಮಗನಿಗೇ ಪಟ್ಟ ಅನ್ನುವ ಪದ್ಧತಿ ಇರಲಿಲ್ಲ. ಗೆದ್ದವನಿಗೆ ಪಟ್ಟ, ಉಳಿದ ಅಣ್ಣತಮ್ಮಂದಿರಿಗೆ ಸಾವು. ಸುಲೇಮಾನನ ಮುತ್ತಜ್ಜ ಎರಡನೇ ಮೆಹ್ಮೆತ್ ಅದನ್ನು ಕಾನೂನನ್ನೇ ಮಾಡಿದ್ದ. ಒಬ್ಬ ತಾಯಿಗೆ ಒಬ್ಬನೇ ಗಂಡುಮಗ ಅನ್ನುವುದು ಅಂತಃಪುರದ ರೂಢಿ. ಮಗ ದೊಡ್ಡವನಾದರೆ ಪ್ರಾಂತ್ಯಕ್ಕೆ ಹೋಗುತ್ತಾನೆ, ತಾಯಿಯೂ ಜೊತೆಗೆ. ಹುರ್ರೆಮ್‌ಗೆ ಐವರು ಗಂಡುಮಕ್ಕಳಾದರು. ಸುಲ್ತಾನ ಅವಳನ್ನು ಮದುವೆಯೂ ಆದ. ರೂಢಿ ಮುರಿದವನು ಅವನೇ. ಮುಸ್ತಫಾ ಪಟ್ಟಕ್ಕೆ ಬಂದಿದ್ದರೆ ಹುರ್ರೆಮ್‌ಳ ಮಕ್ಕಳು ಉಳಿಯುತ್ತಿರಲಿಲ್ಲ. ಅವಳ ಮಕ್ಕಳು ಬಂದರೆ ಮುಸ್ತಫಾ ಉಳಿಯುತ್ತಿರಲಿಲ್ಲ. ಇದನ್ನು ಸವತಿ ಮತ್ಸರ ಅಂದರೆ ಹೇಗೆ?

ಸುಲೇಮಾನನ ಭಯಕ್ಕೂ ಕಾರಣ ಇತ್ತು. ಅವನ ಅಪ್ಪ ಸೆಲೀಂ 1512ರಲ್ಲಿ ತನ್ನ ಅಪ್ಪನನ್ನೇ ಇಳಿಸಿ ಪಟ್ಟ ಏರಿದವನು, ಅದೂ ಸೈನ್ಯದ ಬೆಂಬಲದಿಂದ. ಅರವತ್ತರ ಹತ್ತಿರ ಬಂದಿದ್ದ ಸುಲೇಮಾನನ ಎದುರು ಅದೇ ಸೈನ್ಯ ಮೆಚ್ಚಿದ, ನಲವತ್ತರ ಹತ್ತಿರದ ಮಗ.

ಹುರ್ರೆಮ್ ತೀರಿಕೊಂಡದ್ದು 1558ರಲ್ಲಿ. ಮರುವರ್ಷ ಅವಳ ಹೊಟ್ಟೆಯಲ್ಲೇ ಹುಟ್ಟಿದ ಸೆಲೀಂ ಮತ್ತು ಬಾಯಜೀದ್ ಕೊನ್ಯಾದಲ್ಲಿ ಯುದ್ಧ ಮಾಡಿದರು. ಅಪ್ಪ ನಿಂತದ್ದು ಸೆಲೀಂ ಕಡೆಗೆ. ಸೋತ ಬಾಯಜೀದ್ ಇರಾನಿಗೆ ಓಡಿದ. ಅಪ್ಪ ದುಡ್ಡು ಕೊಟ್ಟು, ಒತ್ತಡ ಹಾಕಿ ಅವನನ್ನೂ ಮಕ್ಕಳನ್ನೂ ಅಲ್ಲೇ ಮುಗಿಸಿದ. ಆಗ ಕಿವಿ ಊದಲು ಯಾವ ಹುರ್ರೆಮ್ ಇದ್ದಳು?

ಈ ಸಾವಿನ ಕಾನೂನಿನ ನೆರಳು ನಮ್ಮ ವಿಜಯಪುರದ ಮೇಲೂ ಬಿದ್ದಿದೆ. ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಒಟ್ಟೊಮನ್ ರಾಜಕುಮಾರ ಅಂತ ಆ ಕಾಲದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಎರಡನೇ ಮೆಹ್ಮೆತ್ ಪಟ್ಟಕ್ಕೆ ಬಂದಾಗ ತಮ್ಮನನ್ನು ಕೊಲ್ಲಿಸಲು ಹೊರಟನಂತೆ. ತಾಯಿ ಅವನ ಜಾಗದಲ್ಲಿ ಒಬ್ಬ ದಾಸಿಪುತ್ರನನ್ನು ಇಟ್ಟು, ಮಗನನ್ನು ವ್ಯಾಪಾರಿಯ ಜೊತೆ ಸಾಗಿಸಿದಳಂತೆ. ಇತಿಹಾಸಕಾರರು ಇದನ್ನು ಸುಲಭಕ್ಕೆ ನಂಬುವುದಿಲ್ಲ. ಫಿರಿಶ್ತಾ ವಿಜಯಪುರದ ಆಸ್ಥಾನದಲ್ಲೇ ಇದ್ದವನು, ಅನ್ನದ ಋಣ ಇತ್ತು. ಆದರೆ ದೂರದ ಡೆಕ್ಕನ್‌ನಲ್ಲಿ ಈ ಕಥೆಯನ್ನು ಜನ ನಂಬಬಲ್ಲವರಾಗಿದ್ದರು ಅನ್ನುವುದೇ ಆ ಕಾನೂನು ಎಷ್ಟು ಕುಖ್ಯಾತವಾಗಿತ್ತು ಅಂತ ತೋರಿಸುತ್ತದೆ. ಆ ದಾಸಿಪುತ್ರನ ತಾಯಿಯ ಬಗ್ಗೆ ಮಾತ್ರ ಯಾರೂ ಧಾರಾವಾಹಿ ತೆಗೆದಿಲ್ಲ.

ಹೊರದೇಶದ ನೋಡುಗರ ಕಥೆ ಇನ್ನೊಂದು ಬಗೆ. ಒಟ್ಟೊಮನ್ನರು ಆಳಿದ ನಾಡುಗಳಲ್ಲೇ ಇದು ಜೋರಾಗಿ ಓಡಿತು. ಗ್ರೀಸ್‌ನಲ್ಲಿ ಥೆಸಲೊನಿಕಿಯ ಬಿಷಪ್ ಟರ್ಕಿಶ್ ಸೀರಿಯಲ್ ನೋಡುವುದು ಶರಣಾದ ಹಾಗೆ ಅಂದರು. ಜನ ನೋಡಿದರು. ಹಂಗೆರಿಯಲ್ಲೂ ನೋಡಿದರು. ಮೊಹಾಚ್‌ನಲ್ಲಿ ತಮ್ಮ ರಾಜನೇ ಸತ್ತ ದೇಶ ಅದು.  ಬಾಂಗ್ಲಾದೇಶದಲ್ಲಿ ಬಂಗಾಳಿಗೆ ಡಬ್ ಆಗಿ ಎಷ್ಟು ಜನಪ್ರಿಯವಾಯಿತು ಅಂದರೆ 2016ರಲ್ಲಿ ಅಲ್ಲಿನ ಕಿರುತೆರೆ ಕಲಾವಿದರು ಡಬ್ಬಿಂಗ್ ವಿರುದ್ಧ ಬೀದಿಗಿಳಿದರು. ಕನ್ನಡದವರಿಗೆ ಆ ವಾದ ವಿವರಿಸಬೇಕಾಗಿಲ್ಲ.

ಇನ್ನು, ಕುದುರೆ ಮೇಲಿನ ಪೂರ್ವಿಕ ಬೇಕು ಅಂದವರಿಗೂ ಅವನು ಸಿಕ್ಕ. 2014ರ ಡಿಸೆಂಬರ್‌ನಲ್ಲಿ ಸರ್ಕಾರಿ ವಾಹಿನಿ ಟಿಆರ್‌ಟಿಯಲ್ಲಿ, ಒಟ್ಟೊಮನ್ ಮನೆತನದ ಮೂಲಪುರುಷ ಉಸ್ಮಾನನ ಅಪ್ಪ ಎರ್ತುಗ್ರುಲ್ ಕಥೆ ಶುರುವಾಯಿತು. 150 ಕಂತು. ಎರ್ಡೋಗನ್ ಹೊಗಳಿದರು. 2020ರ ರಂಜಾನ್‌ನಲ್ಲಿ ಪಾಕಿಸ್ತಾನದ ಸರ್ಕಾರಿ ಟಿವಿ ಉರ್ದುವಿನಲ್ಲಿ ಹಾಕಿತು. ಇದರ ನಾಯಕ ನೆಟ್ಟಗೆ ಕೂರುತ್ತಾನೆ, ನೆಟ್ಟಗೆ ಮಾತಾಡುತ್ತಾನೆ, ಕುಡಿಯುವುದಿಲ್ಲ. ಅವನ ಬಗ್ಗೆ ಅವನ ಕಾಲದ ಆಧಾರ ಎಷ್ಟಿದೆ ಗೊತ್ತಾ? ಮಗ ಉಸ್ಮಾನ್ ಹೊರಡಿಸಿದ ನಾಣ್ಯದಲ್ಲಿ ಅಪ್ಪನ ಹೆಸರಿದೆ. ಅದು ಬಿಟ್ಟರೆ ಹೆಚ್ಚೇನೂ ಇಲ್ಲ. ಪತ್ರ, ಗಜಲ್, ರಾಯಭಾರಿಯ ವರದಿ, ಲೆಕ್ಕಪುಸ್ತಕ ಎಲ್ಲ ಇರುವ ಸುಲೇಮಾನನ ಧಾರಾವಾಹಿಗೆ ಇತಿಹಾಸ ತಿರುಚಿದ್ದಾರೆ ಅಂತ 70 ಸಾವಿರ ದೂರು. ಬರೀ ನಾಣ್ಯ ಇರುವವನ ಧಾರಾವಾಹಿ ಇತಿಹಾಸದ ಪಾಠವಾಯಿತು.

ಹುರ್ರೆಮ್ ಕಟ್ಟಿಸಿದ ಇಸ್ತಾಂಬುಲ್‌ನ ಆಸ್ಪತ್ರೆ, 1552ರಲ್ಲಿ ಜೆರುಸಲೇಮಿನಲ್ಲಿ ಶುರುಮಾಡಿದ ಅನ್ನಛತ್ರ, ಮಗಳು ಮಿಹ್ರಿಮಾಳ ರಾಜಕೀಯ, ಇವನ್ನೆಲ್ಲ ಹೇಳಲು ಹೊತ್ತು ಸಾಲಲಿಲ್ಲ. ಕೇಳುವವರಿದ್ದರೆ ಕೇಳಿ. ಮಹಿದೇವ್ರಾನ್ ಪಕ್ಷದವರು ಇದ್ದರೆ ಮೊದಲು ಅವರೇ ಕೇಳಲಿ.